ಗಾಯಕ್ಕೆ ಗಂಡು ಹೆಣ್ಣೆಂಬ ಭೇದವಿದೆಯೇ?

'ಹೆಣ್ಣಿನ ಜೀವ ಗಟ್ಟಿ' ಎಂಬ ಮಾತನ್ನು ನೀವೂ ಕೇಳಿರಬಹುದು. ಗಾಯದ ಮಟ್ಟಿಗೆ ಈ ಮಾತು ಎಷ್ಟು ನಿಜ ಎಂಬುದನ್ನು ಇಂದು ನೋಡೋಣ.

ಹುಲ್ಲು ಕೊಯ್ಯುವಾಗ ಕುಡುಗೋಲು ಕೈಗೆ ತಾಗಿತು ಎನ್ನಿ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಬೆನ್ನಿಗೇ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿ, ಒಳಹೊಕ್ಕ ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ನುಂಗುತ್ತವೆ. ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದು ಇದರಿಂದಲೇ. ಈ ಕಾವಲುಪಡೆ ಚುರುಕಾಗಿರಬೇಕು. ಕೆಲಸ ಮುಗಿದ ಮೇಲೆ ತಣ್ಣಗಾಗಲೂಬೇಕು. ಅತಿಯಾದರೆ ನಮ್ಮ ಮಾಂಸಕ್ಕೇ ಹಾನಿ. ಸೋತರೆ ಕೀವು, ನಂಜು.

ಈ ಪಡೆಯನ್ನು ಹುರಿದುಂಬಿಸುವ, ತಡೆಯುವ ರಸಗಳಲ್ಲಿ ಲೈಂಗಿಕ ಹಾರ್ಮೋನುಗಳೂ ಸೇರಿವೆ. ಹೆಂಗಸರಲ್ಲಿ ಹೆಚ್ಚಾಗಿರುವುದು ಈಸ್ಟ್ರೋಜೆನ್, ಗಂಡಸರಲ್ಲಿ ಟೆಸ್ಟೋಸ್ಟಿರೋನ್. 1990ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಇರ್ಷಾದ್ ಚೌದರಿ ಮತ್ತು ಸಂಗಡಿಗರು ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಪೆಟ್ಟಾಗಿ ರಕ್ತ ಹೋದಾಗ ಗಂಡಿಲಿಗಳ ರೋಗನಿರೋಧಕ ಶಕ್ತಿ ಕುಗ್ಗಿತು. ಬೆದೆಗೆ ಬರುವ ಹೊತ್ತಿನ, ಅಂದರೆ ಈಸ್ಟ್ರೋಜೆನ್ ಏರಿದ ಹೆಣ್ಣಿಲಿಗಳಲ್ಲಿ ಹಾಗಾಗಲಿಲ್ಲ. ಮೊದಲೇ ಬೀಜ ತೆಗೆದಿದ್ದ ಗಂಡಿಲಿಗಳಲ್ಲೂ ಆಗಲಿಲ್ಲ! ಟೆಸ್ಟೋಸ್ಟಿರೋನ್ ಕಾವಲನ್ನು ತಗ್ಗಿಸುತ್ತದೆ, ಈಸ್ಟ್ರೋಜೆನ್ ಕಾಯುತ್ತದೆ ಎಂಬ ಸುಳಿವು ಹೀಗೆ ದೊರೆಯಿತು.

ಹಾಗಾದರೆ ಹೆಂಗಸರು ನಿಶ್ಚಿಂತರೇ? ಅಲ್ಲ. ಮನುಷ್ಯರಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಹಾರ್ಮೋನು ತಿಂಗಳಿಡೀ ಒಂದೇ ಸಮ ಇರುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ತೀರ ಇಳಿಯುತ್ತದೆ. ಗಾಯ ಮಾಯುವುದೂ ತಡವಾಗುತ್ತದೆ. ಜೊತೆಗೆ ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ತಡ.

ಹಾರ್ಮೋನನ್ನೇ ಔಷಧಿಯಾಗಿ ಕೊಟ್ಟರಾಗದೇ ಎಂದು ನೀವು ಕೇಳಬಹುದು. ತಲೆಗೆ ಪೆಟ್ಟಾದವರಿಗೆ ಇನ್ನೊಂದು ಸ್ತ್ರೀ ಹಾರ್ಮೋನಾದ ಪ್ರೊಜೆಸ್ಟಿರೋನ್ ಕೊಟ್ಟು ನೋಡಿದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಎರಡರಲ್ಲೂ ಸೇರಿ 2,000ಕ್ಕೂ ಹೆಚ್ಚು ರೋಗಿಗಳಿದ್ದರು. ಪ್ರಾಣಿಗಳಲ್ಲಿ ಫಲ ಕೊಟ್ಟಿದ್ದ ಮದ್ದು ಮನುಷ್ಯರಲ್ಲಿ ಫಲ ಕೊಡಲಿಲ್ಲ. ಆದ್ದರಿಂದ ಗಾಯಕ್ಕೆಂದು ಹಾರ್ಮೋನು ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ.

ತಾಯಂದಿರೇ, ಹೆಣ್ಣಿನ ಜೀವ ಗಟ್ಟಿಯೆಂದು ಗಾಯವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಲಸಕ್ಕೆ ಹೋಗಬೇಡಿ. ಅಣ್ಣಂದಿರೇ, ಗಂಡಸಿಗೆ ಇದೇನು ಲೆಕ್ಕ ಎನ್ನಬೇಡಿ. ಗಾಯವನ್ನು ಶುದ್ಧ ನೀರು ಸುರಿದು ತೊಳೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಡಾಕ್ಟರನ್ನು ಕೇಳಿ. ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಹಾರ್ಮೋನು ಯಾವುದೇ ಇರಲಿ, ನಂಜು ಗಂಡು ಹೆಣ್ಣೆಂದು ನೋಡಿ ಬಿಡುವುದಿಲ್ಲ.