ಇಳಿದ ಗೆರೆ, ಏರಿದ ಗೆರೆ

ಬ್ರೆಜಿಲ್‌ನ ಕಾಡಿಗೆ 2024ರಲ್ಲಿ ಏನಾಯಿತು? ಅಮೆಜಾನ್‌ನಲ್ಲಿ ಕಾಡು ಕಡಿತ ಹಿಂದಿನ ವರ್ಷಕ್ಕಿಂತ ಶೇ 30ರಷ್ಟು ಇಳಿದು 6,288 ಚದರ ಕಿ.ಮೀ.ಗೆ ಬಂತು ಎಂದಿತು ಅಲ್ಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ‘ಇನ್ಪೆ’. ಜಗತ್ತಿನ ಕಾಡುಗಳ ಮೇಲೆ ನಿಗಾ ಇಡುವ ಗ್ಲೋಬಲ್ ಫಾರೆಸ್ಟ್ ವಾಚ್ ಕೊಟ್ಟ ಚಿತ್ರ ಬೇರೆ: ಬ್ರೆಜಿಲ್ ಆ ವರ್ಷ ಸುಮಾರು 28 ಲಕ್ಷ ಹೆಕ್ಟೇರ್ ಹಳೆಯ ಕಾಡನ್ನು ಕಳೆದುಕೊಂಡಿತು, ಅದರ ಮೂರನೇ ಎರಡು ಪಾಲು ಬೆಂಕಿಯಿಂದ. ಒಂದು ಗೆರೆ ಕೆಳಗಿಳಿದಿದೆ, ಇನ್ನೊಂದು ನೆಟ್ಟಗೆ ಮೇಲೇರಿದೆ. ಎರಡೂ ಉಪಗ್ರಹದ ಚಿತ್ರಗಳನ್ನೇ ನೋಡಿ ಮಾಡಿದ ಲೆಕ್ಕ. ಎರಡರಲ್ಲೂ ಸುಳ್ಳಿಲ್ಲ.

ಇನ್ಪೆಯ ‘ಪ್ರೋಡೆಸ್’ ಲೆಕ್ಕ 1988ರಿಂದ ನಡೆದುಬಂದಿದೆ. ಪರಿಣತರು ವರ್ಷ ವರ್ಷದ ಚಿತ್ರಗಳನ್ನು ಹೋಲಿಸಿ, ಬುಡಸಮೇತ ಬೋಳಾದ ಜಾಗವನ್ನು ಕಣ್ಣಿನಿಂದಲೇ ಗುರುತಿಸಿ ಗಡಿ ಎಳೆಯುತ್ತಾರೆ. ವರದಿಯಾಗುವ ವಾರ್ಷಿಕ ಲೆಕ್ಕಕ್ಕೆ 6.25 ಹೆಕ್ಟೇರ್, ಅಂದರೆ ಹದಿನೈದು ಎಕರೆಗೂ ತುಸು ಮಿಗಿಲಾದ ಬಯಲು ಬೇಕು. ಒಮ್ಮೆ ಬೋಳಾಯಿತೆಂದು ಬರೆದ ನೆಲ ಲೆಕ್ಕದಿಂದ ಶಾಶ್ವತವಾಗಿ ಹೊರಗೆ. ಅಲ್ಲಿ ಮತ್ತೆ ಮರ ಬೆಳೆದು ಮತ್ತೆ ಕಡಿದರೂ ಎಣಿಕೆಯಿಲ್ಲ. ಇವರ ವರ್ಷ ಆಗಸ್ಟ್‌ನಿಂದ ಜುಲೈವರೆಗೆ.

ಗ್ಲೋಬಲ್ ಫಾರೆಸ್ಟ್ ವಾಚ್ ಬಳಸುವುದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ತಂಡದ ನಕ್ಷೆಯನ್ನು. 2013ರಲ್ಲಿ ಪ್ರಕಟವಾದ ಆ ಕೆಲಸ ಭೂಮಿಯನ್ನು 30 ಮೀಟರ್ ಚೌಕಗಳಾಗಿ ಹೆಚ್ಚಿತು. ಒಂದೊಂದು ಚೌಕವೂ ಸುಮಾರು ಒಂಬತ್ತು ಗುಂಟೆ. ಅದರ ಮೇಲಿನ ಹಸಿರು ಚಪ್ಪರ ಮಾಯವಾಯಿತೇ ಎಂದು ಕಂಪ್ಯೂಟರ್ ಕೇಳುತ್ತದೆ. ಕೊಡಲಿ, ಬೆಂಕಿ, ಬಿರುಗಾಳಿ ಯಾವುದರಿಂದಾದರೂ ಸರಿ. ವರ್ಷ ಜನವರಿಯಿಂದ ಡಿಸೆಂಬರ್. 2024ರ ಆಗಸ್ಟ್, ಸೆಪ್ಟೆಂಬರ್‌ನ ಭೀಕರ ಬೆಂಕಿ ಈ ನಕ್ಷೆಯ ಅದೇ ವರ್ಷಕ್ಕೆ ಬಿತ್ತು. ಪ್ರೋಡೆಸ್‌ನ 2024 ಅಷ್ಟರಲ್ಲೇ ಮುಗಿದಿತ್ತು. ಮೇಲಾಗಿ, ಬೆಂಕಿಯಲ್ಲಿ ಬೆಂದು ನಿಂತಲ್ಲೇ ಸತ್ತ ಮರಗಳ ಕಾಡು ಅದಕ್ಕೆ ಸಾಮಾನ್ಯವಾಗಿ ‘ಬೋಳು ಕಡಿತ’ ಅಲ್ಲ.

ಆದ್ದರಿಂದ ಒಂದೇ ಗೆರೆಯನ್ನು ಎತ್ತಿ ಹಿಡಿದು ‘ಅಮೆಜಾನ್ ಚೇತರಿಸಿಕೊಂಡಿತು’ ಎನ್ನುವುದನ್ನು ನಾನು ಒಪ್ಪಲಾರೆ. ಕಡಿತ ನಿಜಕ್ಕೂ ಇಳಿದಿದೆ, ಅದು ದೊಡ್ಡ ಸಾಧನೆ. ಆದರೆ ಕಾಡು ಒಳಗಿಂದೊಳಗೇ ಸೊರಗುವುದನ್ನು ಆ ಅಳತೆ ಹಿಡಿಯುವುದಿಲ್ಲ.

ಹಾಗೆಂದು ಪ್ರೋಡೆಸ್ ಸಣ್ಣದಲ್ಲ. ರೊಂಡೋನಿಯಾ ರಾಜ್ಯದ ಹಳೆಯ ಚಿತ್ರಗಳನ್ನು ವರ್ಷವಾರು ಜೋಡಿಸಿ ನೋಡಿ. ಮೊದಲು ಬಿಆರ್-364 ಹೆದ್ದಾರಿಯ ಒಂದು ಗೀಟು. ಆಮೇಲೆ ಅದರಿಂದ ಅಡ್ಡಡ್ಡ ಹೊರಟ ಮಣ್ಣುರಸ್ತೆಗಳು, ಮೀನಿನ ಮುಳ್ಳಿನ ಹಾಗೆ. ಪ್ರತಿ ರಸ್ತೆಯ ಎರಡೂ ಮಗ್ಗುಲಲ್ಲಿ ಜಮೀನು, ದನದ ಹುಲ್ಲುಗಾವಲು. ಮುಳ್ಳುಗಳು ವರ್ಷ ವರ್ಷ ದಪ್ಪಗಾಗಿ ಕೊನೆಗೆ ಒಂದನ್ನೊಂದು ಮುಟ್ಟುತ್ತವೆ. ಪ್ರೋಡೆಸ್ ಸರಣಿಯಲ್ಲಿ ಇಡೀ ಅಮೆಜಾನ್‌ನ 2004ರ ಲೆಕ್ಕ 27,772 ಚದರ ಕಿ.ಮೀ.; ನಮ್ಮ ಉತ್ತರ ಕನ್ನಡದಂಥ ಎರಡೂವರೆ ಜಿಲ್ಲೆಗಳಿಗಿಂತ ಹೆಚ್ಚು ಕಾಡು, ಒಂದೇ ವರ್ಷದಲ್ಲಿ. ಅದೇ ವರ್ಷ ಬೇಗ ಬೇಗ ಎಚ್ಚರಿಕೆ ಕೊಡುವ ‘ಡೆಟೆರ್’ ವ್ಯವಸ್ಥೆ ಬಂತು. ಮರೀನಾ ಸಿಲ್ವಾ ಪರಿಸರ ಸಚಿವೆಯಾಗಿದ್ದರು. ಎಚ್ಚರಿಕೆ ಕಂಡ ಜಾಗಕ್ಕೆ ಅಧಿಕಾರಿಗಳು ಹೋಗತೊಡಗಿದರು. 2012ಕ್ಕೆ ಲೆಕ್ಕ 4,571ಕ್ಕೆ ಇಳಿದಿತ್ತು.

ಅಂಕಿಗೆ ಇಷ್ಟು ಬಲ ಬಂದಾಗ ಅದರ ಮೇಲೆ ಕೋಪವೂ ಬರುತ್ತದೆ. 2019ರಲ್ಲಿ ಅಧ್ಯಕ್ಷ ಬೊಲ್ಸೊನಾರೊ ಇನ್ಪೆಯ ಅಂಕಿಗಳನ್ನೇ ಸುಳ್ಳೆಂದರು. ಲೆಕ್ಕದ ಪರ ನಿಂತ ನಿರ್ದೇಶಕ ರಿಕಾರ್ಡೊ ಗಾಲ್ವಾವೊ ಆಗಸ್ಟ್‌ನಲ್ಲಿ ಹುದ್ದೆ ಕಳೆದುಕೊಂಡರು. ಆ ವರ್ಷದ ಪ್ರೋಡೆಸ್ ಲೆಕ್ಕ ಹತ್ತು ಸಾವಿರ ಚದರ ಕಿ.ಮೀ. ದಾಟಿತು, 2021ಕ್ಕೆ 13,038 ಆಯಿತು. ಚಿತ್ರಗಳೂ ಗಡಿಗೆರೆಗಳೂ ಯಾರು ಬೇಕಾದರೂ ತೆಗೆದು ನೋಡುವಂತೆ ತೆರೆದಿದ್ದರಿಂದ ಅಂಕಿಯನ್ನು ಅಳಿಸಲಾಗಲಿಲ್ಲ.

  

ಯಾವುದನ್ನು ಕಾಡೆಂದು ಎಣಿಸಬೇಕು ಎಂಬ ತಕರಾರು ನಮ್ಮ ಮನೆಬಾಗಿಲಿನದೂ ಹೌದು. ಭಾರತೀಯ ಅರಣ್ಯ ಸಮೀಕ್ಷೆಯ ಪ್ರಕಾರ ಒಂದು ಹೆಕ್ಟೇರ್‌ಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು, ನೆಲ ಯಾರದು ಎಂಬ ಪ್ರಶ್ನೆಯಿಲ್ಲ. ಕೊಡಗಿನ ಕಾಫಿ ತೋಟವೂ ಅದರೊಳಗೆ ಬರುತ್ತದೆ. ತೋಟದ ನಾಡುಮರಗಳನ್ನು ತೆಗೆದು ಸಿಲ್ವರ್ ಓಕ್ ನೆಟ್ಟರೆ, ಅದು ಬೆಳೆದ ಮೇಲೆ ನಕ್ಷೆ ಮೊದಲಿನಷ್ಟೇ ಹಸಿರು. ತೋಟ, ನೆಡುತೋಪು, ಸಹಜ ಕಾಡು ಮೂರನ್ನೂ ಬೇರೆ ಬೇರೆ ಪದರಗಳಾಗಿ, ಗಡಿಗೆರೆ ಸಮೇತ, ಬ್ರೆಜಿಲ್‌ನಂತೆ ಸಾರ್ವಜನಿಕರ ಕೈಗೆ ಕೊಡಬೇಕು.