ಕಾರಕಜ್ಞಾನದಿಂದ ವಾಕ್ಯಾರ್ಥಗ್ರಹಣ

ವಾಕ್ಯದಲ್ಲಿರುವ ಪ್ರತಿಯೊಂದು ಪದದ ಅರ್ಥವನ್ನು ಬಲ್ಲ ವಿದ್ಯಾರ್ಥಿಯೂ ವಾಕ್ಯಾರ್ಥವನ್ನು ತಪ್ಪಾಗಿ ಗ್ರಹಿಸುವುದುಂಟು. ಪದಗಳಿಗೆ ಕ್ರಿಯೆಯೊಡನೆ ಇರುವ ಸಂಬಂಧವು ತಿಳಿದಾಗಲೇ ವಾಕ್ಯಾರ್ಥವು ಸ್ಪಷ್ಟವಾಗುತ್ತದೆ. ಈ ಸಂಬಂಧವನ್ನು ವೈಯಾಕರಣರು ಕಾರಕವೆಂದು ಕರೆದರು. ಅದನ್ನು ಸೂಚಿಸುವ ಗುರುತೇ ವಿಭಕ್ತಿಪ್ರತ್ಯಯ.

‘ರೈತನು ಎತ್ತನ್ನು ಹುಡುಕಿದನು’, ‘ಎತ್ತನ್ನು ರೈತನು ಹುಡುಕಿದನು’ – ಇವುಗಳಲ್ಲಿ ಪದಕ್ರಮ ಬದಲಾದರೂ ಅರ್ಥ ಬದಲಾಗದು. ‘ರೈತನನ್ನು ಎತ್ತು ಹುಡುಕಿತು’ ಎಂದೊಡನೆ ಅರ್ಥವೇ ಬೇರೆಯಾಗುತ್ತದೆ.

ಒಂದೇ ಪ್ರತ್ಯಯ, ಹಲವು ಕಾರಕ

ಈ ವಾಕ್ಯಗಳನ್ನು ಗಮನಿಸಿ:

1. ಕುಡುಗೋಲಿನಿಂದ ಬತ್ತವನ್ನು ಕೊಯ್ದರು. (ಕರಣ)
2. ಕಣೇಕಲ್ಲಿನಿಂದ ಬತ್ತವನ್ನು ತಂದರು. (ಅಪಾದಾನ)
3. ಕೂಲಿಯವರಿಂದ ಬತ್ತವು ಕೊಯ್ಯಲ್ಪಟ್ಟಿತು. (ಕರ್ತೃ)

ಪಂಚಮಿಗೆ ‘ದೆಸೆಯಿಂದ’ ಎಂಬ ಪ್ರತ್ಯಯವನ್ನು ವ್ಯಾಕರಣಗಳು ಹೇಳಿದರೂ ಬಳಕೆಯಲ್ಲಿ ‘ಇಂದ’ ಎಂಬುದೇ ಹೆಚ್ಚು. ಆದುದರಿಂದ ಪ್ರತ್ಯಯದ ಜೊತೆಗೆ ಕ್ರಿಯಾಪದದ ರೂಪವನ್ನೂ ನಾಮಪದದ ಯೋಗ್ಯತೆಯನ್ನೂ ನೋಡಬೇಕು. ಕುಡುಗೋಲು ಕೊಯ್ಯುವ ಸಾಧನ. ಊರು ತರುವಿಕೆಯ ಮೂಲಸ್ಥಾನ. ಮೂರನೆಯ ವಾಕ್ಯವು ಕರ್ಮಣಿ ಪ್ರಯೋಗ.

ತೆಲುಗಿನ ನೆರವು

ರಾಯದುರ್ಗ, ಮಡಕಶಿರಾ ಭಾಗದ ಮಕ್ಕಳಿಗೆ ತೆಲುಗು ಪರಿಚಿತ. ತೆಲುಗಿನಲ್ಲಿ ಸಾಧನಕ್ಕೆ ‘ತೋ’, ಮೂಲಸ್ಥಾನಕ್ಕೆ ‘ನುಂಡಿ’ ಬರುವುದರಿಂದ ಮೊದಲೆರಡು ವಾಕ್ಯಗಳ ಭೇದವನ್ನು ಮಕ್ಕಳು ಬೇಗನೆ ಕಾಣಬಲ್ಲರು. ಆದರೆ ತೆಲುಗಿನ ‘ತೋ’ ಸಹಭಾವವನ್ನೂ ಹೇಳುತ್ತದೆ. ‘ತಮ್ಮುಡಿತೋ ವಚ್ಚಾಡು’ ಎಂಬುದನ್ನು ‘ತಮ್ಮನಿಂದ ಬಂದನು’ ಎಂದು ಬರೆದರೆ ತಪ್ಪು. ‘ತಮ್ಮನೊಂದಿಗೆ ಬಂದನು’ ಎಂಬುದೇ ಸರಿ. ಇಂತಹ ತಪ್ಪಿಗೆ ಅಂಕ ಕಳೆಯುವುದಷ್ಟೇ ಸಾಲದು. ಅದರ ಮೂಲವನ್ನು ತೋರಿಸಿದರೆ ಮಗುವು ಎರಡು ಭಾಷೆಗಳ ನಿಯಮವನ್ನೂ ಅರಿಯುತ್ತದೆ.

ಯಂತ್ರಕ್ಕೂ ಇದೇ ಮಾರ್ಗ

ಗಣಕಯಂತ್ರಕ್ಕೆ ಭಾರತೀಯ ಭಾಷೆಗಳ ವಾಕ್ಯಾರ್ಥವನ್ನು ತಿಳಿಸಲು ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮೊದಲಾದ ವಿದ್ವಾಂಸರು ಪಾಣಿನಿಯ ಕಾರಕತತ್ತ್ವವನ್ನೇ ಆಶ್ರಯಿಸಿದರು. ಈ ವಿಧಾನವನ್ನು ವಿವರಿಸುವ ಅವರ ಗ್ರಂಥವು 1995ರಲ್ಲಿ ಪ್ರಕಟವಾಯಿತು. ಅವರು ರೂಪಿಸಿದ ‘ಅನುಸಾರಕ’ದಲ್ಲಿ ಕನ್ನಡದಿಂದ ಹಿಂದಿಗೆ ಪರಿವರ್ತಿಸುವ ವ್ಯವಸ್ಥೆಯೂ ಇತ್ತು.

ತರಗತಿಯ ಕ್ರಮ

ಮೊದಲು ಕ್ರಿಯಾಪದವನ್ನು ಗುರುತಿಸಿರಿ. ಬಳಿಕ ಅದಕ್ಕೆ ಯಾರು, ಏನನ್ನು, ಯಾವುದರಿಂದ, ಯಾರಿಗೆ, ಎಲ್ಲಿಂದ, ಎಲ್ಲಿ ಎಂಬ ಪ್ರಶ್ನೆಗಳನ್ನು ಹಾಕಿಸಿರಿ. ಉತ್ತರವನ್ನು ಪ್ರತ್ಯಯದೊಡನೆ ಹೋಲಿಸಿರಿ. ‘ಹುಡುಗ ಹಣ್ಣು ತಿಂದ’ ಎಂಬಂತೆ ಪ್ರತ್ಯಯ ಲೋಪವಾದಲ್ಲಿ, ತಿನ್ನುವ ಯೋಗ್ಯತೆ ಯಾರಿಗಿದೆಯೆಂದು ಕೇಳಿರಿ. ಕೊನೆಯಲ್ಲಿ ‘ಇಂದ’ ಪ್ರತ್ಯಯವುಳ್ಳ ಐದು ವಾಕ್ಯಗಳನ್ನು ಪಾಠದಿಂದ ಆರಿಸಿ, ಮಕ್ಕಳಿಂದಲೇ ಕಾರಕವನ್ನು ಹೇಳಿಸಿರಿ.