ನಲ್ಲಿಯಿಲ್ಲದ ಮನೆಯಲ್ಲಿ ನಾಲ್ಕು ದಿನ

“ಅಮ್ಮಾ, ಅಲ್ಲಿ ನಲ್ಲಿ ಇಲ್ಲ, ಕರೆಂಟಿಲ್ಲ, ಕಕ್ಕಸು ಮನೆಯಿಂದ ಮೂವತ್ತು ಹೆಜ್ಜೆ ದೂರ. ಬರ್ತೀಯಾ?” ಎಂದಳು ಮಗಳು.

ನನಗೆ ನಗು ಬಂತು. ಇಪ್ಪತ್ತು ವರ್ಷ ಬಾವಿ ಸೇದಿ ಸಂಸಾರ ಮಾಡಿದವಳು ನಾನು. ಸಮುದ್ರ ದಾಟಿ ಫಿನ್ಲೆಂಡಿಗೆ ಬಂದದ್ದು ಮತ್ತೆ ಕೊಡ ಹೊರುವುದಕ್ಕೇ? ಆದರೂ ಮಗಳ ಮುಖ ನೋಡಿ “ಹೂಂ” ಅಂದೆ.

ಅದು ಜುಲೈ ತಿಂಗಳ ಕೊನೆ. ಆ ದೇಶದ ಜನಸಂಖ್ಯೆ ಸುಮಾರು 56 ಲಕ್ಷ; ಸರೋವರಗಳೇ 1 ಲಕ್ಷ 88 ಸಾವಿರದಷ್ಟು! ನೀರಿನ ದಡಗಳಲ್ಲಿ, ಕಾಡಿನ ನಡುವೆ ಬೇಸಿಗೆ ಕಳೆಯುವುದಕ್ಕೆಂದೇ ಕಟ್ಟಿಕೊಂಡ ಮನೆಗಳು 5 ಲಕ್ಷಕ್ಕೂ ಮೇಲೆ. ಇದಕ್ಕೆ ‘ಮೊಕ್ಕಿ’ ಎನ್ನುತ್ತಾರೆ. ಎಲ್ಲ ಸೌಕರ್ಯವಿರುವ ಹೊಸ ಮೊಕ್ಕಿಗಳೂ ಉಂಟು. ನಾವು ಹೋದದ್ದು ಹಳೆಯ ಕಾಲದ್ದಕ್ಕೆ. ಮಗಳ ಕಚೇರಿಯ ಗೆಳತಿಯೊಬ್ಬರು ನಾಲ್ಕು ದಿನಕ್ಕೆ ಬೀಗದ ಕೈ ಕೊಟ್ಟಿದ್ದರು.

ಹೆಲ್ಸಿಂಕಿಯಿಂದ ಕಾರಿನಲ್ಲಿ ನಾಲ್ಕು ಗಂಟೆ ಪ್ರಯಾಣ. ಆ ದೇಶದಲ್ಲೇ ದೊಡ್ಡದಾದ ಸೈಮಾ ಸರೋವರದ ದಡ. ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಎರಡು ಕೋಣೆಯ ಮನೆ. ಒಂದು ಸೌದೆ ಒಲೆ, ನೆಲದಡಿ ಹಾಲು ಬೆಣ್ಣೆ ತಣ್ಣಗಿಡುವ ಗುಂಡಿ. ರಾತ್ರಿ ಒಂಬತ್ತೂವರೆಗೂ ಬಿಸಿಲು! ಬೇರೆ ಮನೆಯ ದೀಪ ಒಂದೂ ಕಾಣದು. ಸೊಳ್ಳೆ ಮಾತ್ರ ನಮ್ಮೂರನ್ನು ಮೀರಿಸುವಷ್ಟು.

ಕಕ್ಕಸಿನ ಕಥೆಯನ್ನೂ ಹೇಳಿಬಿಡುತ್ತೇನೆ. ನೀರು ಸುರಿಯುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಪಕ್ಕದ ಡಬ್ಬದಿಂದ ಮರದ ಹೊಟ್ಟು ಹಾಕಿ ಮುಚ್ಚಬೇಕು. ವಾಸನೆಯಿಲ್ಲ, ಕೊನೆಗೆ ಅದೇ ಗೊಬ್ಬರ. ನಾನು ಚೊಂಬು ಹಿಡಿದುಕೊಂಡೇ ಹೋದೆ, ಅದು ಬೇರೆ ಮಾತು!

ಯಾರ ರಜೆ?

ಮೊದಲ ದಿನ ಅಭ್ಯಾಸದಂತೆ ಐದಕ್ಕೇ ಎದ್ದು ಒಲೆ ಹಚ್ಚಲು ಕೂತೆ. ಪ್ರವಾಸ ಎಂದರೆ ನಮಗೆ ಗೊತ್ತಲ್ಲ, ಅದೇ ಅಡುಗೆ, ಒಲೆ ಮಾತ್ರ ಬೇರೆ. ಗಂಡಸರು ದೃಶ್ಯ ನೋಡುತ್ತಾರೆ, ನಾವು ಹಾಲು ಉಕ್ಕದಂತೆ ನೋಡುತ್ತೇವೆ.

ಮಗಳು ಬಂದು ಬೆಂಕಿಪೊಟ್ಟಣ ಕಿತ್ತುಕೊಂಡಳು. “ಈ ಮನೆಯ ಯಜಮಾನಿ ಒಂದೇ ನಿಯಮ ಹೇಳಿದ್ದಾರಮ್ಮ. ನೀರು ಬಳಸಿದವರು ತುಂಬಬೇಕು, ಸೌದೆ ಉರಿಸಿದವರು ಒಡೆದಿಡಬೇಕು. ಅಪ್ಪನೂ ಸೇರಿ.”

ನಮ್ಮ ಮನೆಯವರು ಊರಲ್ಲಿ ಕುಡಿಯುವ ನೀರಿನ ಲೋಟವೂ ಕೈಗೇ ಬರಬೇಕು ಅನ್ನುವವರು. ಎರಡು ಬಕೆಟ್ ಹಿಡಿದು ದಡಕ್ಕೆ ನಡೆದರು. ದಾರಿಯಲ್ಲೇ ಅರ್ಧ ಚೆಲ್ಲಿ, ಪಂಚೆ ಒದ್ದೆ ಮಾಡಿಕೊಂಡು ಬಂದು, “ಇಷ್ಟು ಭಾರ ಇರುತ್ತೇನೇ?” ಎಂದರು. ಮೂವತ್ತೈದು ವರ್ಷಕ್ಕೆ ಮೊದಲ ಸಲ ಕೇಳಿದ ಪ್ರಶ್ನೆ ಅದು.

ಕಾಡಿನ ಹಣ್ಣಿನ ಗೊಜ್ಜು

ಆ ದೇಶದಲ್ಲಿ ಕಾಡು ಯಾರದೇ ಆಗಿರಲಿ, ಹಣ್ಣು, ಅಣಬೆ ಆರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಮನೆಯ ಅಂಗಳ ಮಾತ್ರ ಬಿಡಬೇಕು. ಮೊಣಕಾಲೆತ್ತರವೂ ಇಲ್ಲದ ಗಿಡಗಳಲ್ಲಿ ‘ಮುಸ್ತಿಕ್ಕ’ ಎಂಬ ಕಪ್ಪು ನೀಲಿ ಹಣ್ಣು. ತಿಂದರೆ ನೇರಳೆ ತಿಂದಂತೆ ನಾಲಿಗೆ ನೀಲಿ. ಅಲ್ಲಿನವರು ಅದರಲ್ಲಿ ಸಿಹಿ ಕಡುಬಿನಂಥದ್ದನ್ನು ಬೇಯಿಸುತ್ತಾರೆ. ನಾನು ನಮ್ಮ ಕವಳೆಕಾಯಿ ಗೊಜ್ಜಿನ ಕ್ರಮ ಹಿಡಿದೆ. ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ, ಎರಡು ಬಟ್ಟಲು ಹಣ್ಣು, ನಿಂಬೆಯಷ್ಟು ಬೆಲ್ಲ, ಉಪ್ಪು, ಸ್ವಲ್ಪ ಹುಣಿಸೆರಸ. ಗಟ್ಟಿಯಾಗುವವರೆಗೆ ಕುದಿಸಿದರೆ ಆಯಿತು. ಅಲ್ಲಿನ ರೈ ಬ್ರೆಡ್ಡಿನ ಜೊತೆ ಅಳಿಯಂದಿರು ಮೂರು ಸಲ ಬಡಿಸಿಕೊಂಡರು.

ಸೌನಾದಲ್ಲಿ

ನೀರಿನ ಅಂಚಿನಲ್ಲೇ ಪುಟ್ಟ ಸ್ನಾನದ ಮನೆ, ಸೌನಾ. ಒಲೆಯ ಮೇಲೆ ಕಾದ ಕಲ್ಲುಗಳ ರಾಶಿ. ಅದರ ಮೇಲೆ ಸೌಟಿನಲ್ಲಿ ನೀರು ಹಾಕಿದರೆ ಉಸ್ಸೆಂದು ಹಬೆ ಏಳುತ್ತದೆ. ಮರದ ಮೆಟ್ಟಿಲ ಮೇಲೆ ಕೂತು ಬೆವರಿ, ಆಮೇಲೆ ಸರೋವರದಲ್ಲಿ ಮುಳುಗುವುದು. 2020ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಹಿಂದಿನ ಕಾಲದಲ್ಲಿ ಹೆಂಗಸರು ಹೆರುತ್ತಿದ್ದದ್ದೂ ಅಲ್ಲೇ, ಸತ್ತವರನ್ನು ತೊಳೆಯುತ್ತಿದ್ದದ್ದೂ ಅಲ್ಲೇ. ಇದನ್ನು ಕೇಳಿದಾಗ ನಮ್ಮ ಹಂಡೆ ಒಲೆಯ ಬಚ್ಚಲು, ಬಾಣಂತಿಯ ನೀರು ನೆನಪಾಯಿತು. (ಬಿ.ಪಿ., ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಒಳಗೆ ಹೋಗಬೇಡಿ.)

ಮೂರನೆಯ ಸಂಜೆ ನಾನು, ಮಗಳು ಇಬ್ಬರೇ. ಸೀರೆ ಬಿಟ್ಟು ಟವೆಲಿನಲ್ಲಿ ಕೂರಲು ನನಗೆ ಸಂಕೋಚ. ಕೈಗೆ ಏನಾದರೂ ಕೆಲಸ ಬೇಕಲ್ಲ. ಊರಿಂದ ತಂದಿದ್ದ ಕೊಬ್ಬರಿ ಎಣ್ಣೆ ತೆಗೆದು ಅವಳ ನೆತ್ತಿಗೆ ಒತ್ತಿದೆ. ಮೊದಲಿನಂತೆ ದಟ್ಟ ಕೂದಲಿರಲಿಲ್ಲ. ಕೇಳಲಿಲ್ಲ, ಒತ್ತುತ್ತಲೇ ಇದ್ದೆ.

ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು. “ಚಳಿಗಾಲದಲ್ಲಿ ತುಂಬಾ ಕಷ್ಟ ಅಮ್ಮಾ. ಕತ್ತಲಲ್ಲೇ ಆಫೀಸಿಗೆ ಹೋಗಿ ಕತ್ತಲಲ್ಲೇ ಬರ್ತೀನಿ. ಕೆಲವು ದಿನ ಸುಮ್ಮಸುಮ್ಮನೆ ಅಳು ಬರುತ್ತೆ. ನಿಂಗೆ ಹೇಳಿದ್ರೆ ಭಯ ಬೀಳ್ತೀಯ ಅಂತ...”

ಎರಡು ವರ್ಷ ವಾರಕ್ಕೆರಡು ಸಲ ಫೋನು ಮಾಡಿದ್ದೇನೆ. “ಊಟ ಆಯ್ತಾ, ಹುಷಾರಾಗಿದ್ದೀಯಾ?” ಎಂದರೆ “ಹೂಂ ಅಮ್ಮ” ಎನ್ನುವಳು. ನಾನೂ ನಿಶ್ಚಿಂತೆಯಿಂದ ಫೋನಿಡುತ್ತಿದ್ದೆ. ಅಂದು ಬುದ್ಧಿವಾದ ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡು, ಬಿಸಿನೀರು ಬೆರೆಸಿ, ಚಿಕ್ಕಂದಿನಲ್ಲಿ ಎರೆದಂತೆ ತಲೆಗೆ ಎರೆದೆ. ಅವಳು ಅತ್ತದ್ದು ನೀರಿನಲ್ಲಿ ಹೋಯಿತು. ಹೊರಗೆ ಸರೋವರದ ಮೇಲೆ ಯಾವುದೋ ಹಕ್ಕಿ ಉದ್ದಕ್ಕೆ ಕೂಗುತ್ತಿತ್ತು.

ಊರಿಗೆ ಹೊರಡುವ ಮೊದಲು ಅವಳು ಅಳಿಯಂದಿರ ಜೊತೆ ವೈದ್ಯರನ್ನು ಕಂಡು ಬಂದಳು. ಡಿಸೆಂಬರಿನಲ್ಲಿ ಹೆಲ್ಸಿಂಕಿಯಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಆಗ ನಾನು ಫೋನಿನಲ್ಲಿ ಊಟದ ವಿಷಯ ಕೇಳಲಿಲ್ಲ. “ಇವತ್ತು ಬಿಸಿಲು ಬಂದಿತ್ತೇನೇ?” ಎಂದೆ. ಬಂದಿದ್ದರೆ ಬಂತು ಎನ್ನುತ್ತಾಳೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಾಳೆ. ಆಮೇಲೆ ಮಾತು ತಾನಾಗಿ ಬೆಳೆಯುತ್ತದೆ.

ನಿಮ್ಮ ಮಕ್ಕಳೂ ದೂರದಲ್ಲಿದ್ದರೆ, ಸೋದರಿಯರೇ, “ಹೂಂ” ಎಂದು ಉತ್ತರಿಸಿ ಮುಗಿಸಲಾಗದ ಒಂದು ಪ್ರಶ್ನೆ ಕೇಳಿ ನೋಡಿ.

ಇನ್ನು ನಮ್ಮ ಮನೆಯವರು? ಕುಡಿಯುವ ನೀರಿನ ಕೊಡವನ್ನು ಈಗ ಅವರೇ ತುಂಬುತ್ತಾರೆ. ಚೆಲ್ಲುವುದು ಮಾತ್ರ ಇನ್ನೂ ನಿಂತಿಲ್ಲ.